ಚಿನ್ನದ ಓಣಿ

“ಬುದ್ಧಿ, ಹುಟ್ಟಿದ ದಿನವೇ ಹೋದ ಜೀವಕ್ಕೆ ಗುಣ ಎಂಬುದು ಇರುತ್ತದೆಯೆ?” ಎಂದು ಶಿಷ್ಯ ಮರುಳಸಿದ್ಧ ಕೇಳಿದ.

ಗುರುಗಳು ಮಠದ ಪಡಸಾಲೆಯಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಯಾವ ಜೀವದ ಮಾತು ಇದು ಎಂದು ವಿಚಾರಿಸಿದರು.

ಮರುಳಸಿದ್ಧ ನಡೆದದ್ದನ್ನು ಹೇಳಿದ. ಊರಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡಿದ್ದ ಕೊಟ್ರೇಶಿಯ ಹೆಂಡತಿ ಹಾಲಮ್ಮ ಮೊದಲ ಹೆರಿಗೆಗೆ ಆಸ್ಪತ್ರೆ ಸೇರಿದ್ದಳು. ಬೆಳಗಿನ ಹೊತ್ತು ಗಂಡು ಕೂಸು ಹುಟ್ಟಿತು. ಸಂಜೆಯೊಳಗೆ ಅದು ಹೋಯಿತು. ದೊಡ್ಡವರು ಅದನ್ನು ಮಣ್ಣು ಮಾಡಿ ಬಂದರು. ಹಾಲಮ್ಮ ಬರಿಗೈಯಲ್ಲಿ ಮನೆಗೆ ಬಂದು ಗೋಡೆಗೆ ಮುಖ ಮಾಡಿ ಕುಳಿತಳು. ಊಟ ಬಿಟ್ಟಳು. ಆದರೆ ಅಳಲಿಲ್ಲ.

ಅವಳು ಅಳದೆ ಇದ್ದದ್ದೇ ಮನೆಯವರಿಗೆ ಭಯವಾಗಿತ್ತು. ಸತ್ತವರ ಗುಣ ಹೇಳಿಕೊಂಡು ಅಳುವುದು ಆ ಸೀಮೆಯ ಹೆಂಗಸರ ರೂಢಿ. ಎಂಥ ಧಾರಾಳದ ಕೈ ನಿನ್ನದು, ಎಂಥ ನಗೆಮಾತು ನಿನ್ನದು ಎಂದು ಒಂದೊಂದಾಗಿ ಎತ್ತಿ ಆಡುತ್ತಾ ಹೋದ ಹಾಗೆ ಒಳಗಿನ ದುಃಖ ಹೊರಗೆ ಹರಿಯುತ್ತದೆ. ಹಾಲಮ್ಮನ ಸುತ್ತ ಕುಳಿತ ಹೆಂಗಸರಿಗೂ ಅಳುವುದಕ್ಕೆ ಮಾತು ಸಿಕ್ಕಿರಲಿಲ್ಲ. ಹೆಸರಿಡುವ ಮೊದಲೇ ಹೋದದ್ದು, ಅದಕ್ಕೆ ಗುಣವೂ ಇಲ್ಲ ಋಣವೂ ಇಲ್ಲ, ಮರೆತುಬಿಡು ತಾಯಿ ಎಂದು ಸಮಾಧಾನ ಹೇಳಿ ಎದ್ದು ಹೋಗಿದ್ದರು. ಕೊನೆಗೆ ಅವಳ ಅತ್ತೆ ಮಠಕ್ಕೆ ಹೇಳಿಕಳಿಸಿದ್ದಳು. ಗುರುಗಳ ಅಪ್ಪಣೆಯಂತೆ ಮರುಳಸಿದ್ಧ ಹೋಗಿದ್ದ. ದೇಹ ಬಂದು ಹೋಗುವುದು, ಆತ್ಮ ನಿಲ್ಲುವುದು ಎಂದು ತಾನು ಓದಿದ್ದನ್ನೆಲ್ಲ ಅವಳಿಗೆ ಹೇಳಿದ್ದ.

ಹಾಲಮ್ಮ ಅಷ್ಟನ್ನೂ ಕೇಳಿಸಿಕೊಂಡು ಒಂದೇ ಮಾತು ಆಡಿದಳು: “ಹೇಳ್ಕೊಂಡು ಅಳಾಕ ಅದರದ್ದೊಂದು ಗುಣಾನೂ ನನಗ ಗೊತ್ತಿಲ್ಲ, ಸ್ವಾಮಿ.”

ಮರುಳಸಿದ್ಧ ಎದ್ದು ಬಂದಿದ್ದ. ಸಂಜೆ ಮತ್ತೆ ಬರುತ್ತೇನೆ ಎಂದು ಅತ್ತೆಗೆ ಮಾತು ಕೊಟ್ಟಿದ್ದ. ಏನು ಹೊತ್ತುಕೊಂಡು ಹೋಗಬೇಕೆಂಬುದು ಅವನಿಗೆ ತಿಳಿದಿರಲಿಲ್ಲ.

ಗುರುಗಳು ಮಠಕ್ಕೆ ಬರುವ ಮೊದಲು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ಅವರ ಕತೆಗಳು ಪುರಾಣದಿಂದಲೂ ಬರುತ್ತಿದ್ದವು, ಪ್ರಯೋಗಶಾಲೆಯಿಂದಲೂ ಬರುತ್ತಿದ್ದವು. ಕೂತುಕೋ ಎಂದು ಹೇಳಿ ಅವರು ಕತೆ ಶುರುಮಾಡಿದರು.

ಒಂದು ದೇಶದಲ್ಲಿ ಒಬ್ಬ ಹಿರಿಯ ವಿಜ್ಞಾನಿ ಇದ್ದ. ಭೂಮಿಯಲ್ಲಿ ಇಲ್ಲದ ಮೂಲಧಾತುಗಳನ್ನು ಹುಟ್ಟಿಸುವುದು ಅವನ ಕೆಲಸ. ಕಬ್ಬಿಣ, ತಾಮ್ರ, ಚಿನ್ನ, ಸೀಸ ಇವೆಲ್ಲ ಭೂಮಿ ತಾನಾಗಿ ಕೊಟ್ಟವು. ಇವನ್ನು ಭಾರ ನೋಡಿ ಸಾಲಾಗಿ ನಿಲ್ಲಿಸಿದರೆ ಯುರೇನಿಯಂ ಹತ್ತಿರ ಸಾಲು ಮುಗಿಯುತ್ತದೆ. ಅದರಾಚೆಯದು ಬೇಕಾದರೆ ಮನುಷ್ಯನೇ ಮಾಡಿಕೊಳ್ಳಬೇಕು.

ಮಾಡುವ ಬಗೆಯನ್ನು ಹೇಳುವುದು ಸುಲಭ. ಒಂದು ಭಾರದ ಧಾತುವನ್ನು ಲೋಹದ ಹಾಳೆಯ ಮೇಲೆ ತೆಳ್ಳಗೆ ಲೇಪಿಸಿ ನಿಲ್ಲಿಸುತ್ತಾರೆ. ಹಗುರವಾದ ಇನ್ನೊಂದು ಧಾತುವಿನ ಕಣಗಳನ್ನು ದೊಡ್ಡ ಯಂತ್ರದೊಳಗೆ ಓಡಿಸಿ, ವೇಗ ಏರಿಸಿ, ಆ ಹಾಳೆಗೆ ಎಸೆಯುತ್ತಾರೆ. ಲೆಕ್ಕಕ್ಕೆ ಸಿಗದಷ್ಟು ಕಣಗಳು ಸುಮ್ಮನೆ ಹಾದುಹೋಗುತ್ತವೆ. ಕೆಲವು ತಾಗಿ ಒಡೆಯುತ್ತವೆ. ಎಲ್ಲೋ ಅಪರೂಪಕ್ಕೆ ಎರಡರ ತಿರುಳು ಬೆರೆತು ಒಂದಾಗುತ್ತದೆ. ಹಗಲು ರಾತ್ರಿ ಎಸೆಯುತ್ತಾ ವಾರಗಟ್ಟಲೆ ಕಾದರೆ ಹೊಸದೊಂದು ಪರಮಾಣು ಹುಟ್ಟೀತು. ಹುಟ್ಟದೆಯೂ ಇದ್ದೀತು.

ಹುಟ್ಟಿದ್ದು ನಿಲ್ಲುವುದಿಲ್ಲ. ಪರಮಾಣುವಿನ ತಿರುಳಿನೊಳಗೆ ಒಂದನ್ನೊಂದು ದೂರ ತಳ್ಳುವ ಕಣಗಳಿರುತ್ತವೆ. ಅವು ಚದುರದಂತೆ ಹಿಡಿದಿಡುವ ಬಲವೂ ಅಲ್ಲೇ ಇರುತ್ತದೆ. ತಿರುಳು ದೊಡ್ಡದಾದ ಹಾಗೆ ತಳ್ಳುವಿಕೆ ಮೇಲಾಗುತ್ತದೆ, ಹಿಡಿತ ಸೋಲುತ್ತದೆ. ಅತಿಭಾರದ ಪರಮಾಣು ಹುಟ್ಟಿದ ಗಳಿಗೆಯಿಂದಲೇ ಬೀಳುವುದಕ್ಕೆ ತಯಾರಾಗಿರುತ್ತದೆ. ಒಂದು ಚೂರನ್ನು ಹೊರಗೆ ಎಸೆದು ಬೇರೆ ಧಾತುವಾಗುತ್ತದೆ. ಅದೂ ಒಂದು ಚೂರನ್ನು ಎಸೆದು ಮತ್ತೊಂದಾಗುತ್ತದೆ. ಹುಟ್ಟಿದ್ದನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಚೂರು ಬಂದು ಬಡಿದಾಗ ಯಂತ್ರದಲ್ಲಿ ಒಂದು ಮಿಂಚು ಮೂಡುತ್ತದೆ. ಆ ಮಿಂಚಿನಿಂದ ಹಿಂದಕ್ಕೆ ಲೆಕ್ಕ ಹಾಕಿ, ಹೀಗೊಂದು ಇತ್ತು ಎಂದು ತಿಳಿಯಬೇಕು.

ಇನ್ನೂ ಮುಂದೆ ಹೋದರೆ ಭಾರವಿದ್ದೂ ನಿಲ್ಲುವ ಧಾತುಗಳು ಸಿಗಬಹುದು ಎಂದು ಲೆಕ್ಕ ಬಲ್ಲವರು ಹೇಳಿದ್ದರು. ಸಮುದ್ರದ ನಡುವೆ ದ್ವೀಪ ಇರುವ ಹಾಗೆ, ನಿಲ್ಲದವುಗಳ ನಡುವೆ ನಿಲ್ಲುವವುಗಳ ಒಂದು ನೆಲೆ. ಹಿರಿಯನಿಗೆ ಆ ನೆಲೆಯ ಹಂಬಲ. ಹರೆಯದಲ್ಲಿ ಹತ್ತಿದ ಹಂಬಲ ತಲೆ ನರೆತರೂ ಬಿಟ್ಟಿರಲಿಲ್ಲ. ಅವನ ಕೈಯಿಂದ ಕೆಲವು ಹೊಸ ಧಾತುಗಳು ಹುಟ್ಟಿದವು. ಜಗತ್ತು ಚಪ್ಪಾಳೆ ತಟ್ಟಿತು. ಪ್ರತಿ ಸಲವೂ ಅವನು ಕೇಳುತ್ತಿದ್ದ ಪ್ರಶ್ನೆ ಒಂದೇ, ಎಷ್ಟು ಹೊತ್ತು ಬದುಕಿತು ಎಂದು. ಉತ್ತರ ಬಂದಾಗ ತಲೆ ಅಲ್ಲಾಡಿಸಿ ಮುಂದಿನದಕ್ಕೆ ಅಣಿಯಾಗುತ್ತಿದ್ದ. ಉಳಿದವರಿಗೆ ಗೆಲುವಾಗಿ ಕಂಡದ್ದು ಅವನಿಗೆ ತಪ್ಪಿದ ಗುರಿಯಾಗಿತ್ತು.

ಅವನ ಬಳಿಗೆ ರಸಾಯನ ಬಲ್ಲ ಒಬ್ಬ ಹೆಣ್ಣುಮಗಳು ಕೆಲಸಕ್ಕೆ ಬಂದಳು. ಸೀಸ, ಪಾದರಸ, ತವರಗಳ ಜೊತೆ ಅನೇಕ ವರ್ಷ ಕಳೆದವಳು. ಒಂದು ಧಾತುವನ್ನು ಒಂಟಿಯಾಗಿ ಇಟ್ಟು ನೋಡಿದರೆ ಅದರ ಗುಣ ತಿಳಿಯದು, ಇನ್ನೊಂದರ ಪಕ್ಕ ಇಟ್ಟಾಗ ತಿಳಿಯುತ್ತದೆ ಎಂಬುದು ಅವಳು ಕೆಲಸದಲ್ಲಿ ಕಲಿತ ಪಾಠ. ಕಬ್ಬಿಣಕ್ಕೆ ನೀರು ತಾಗಿದರೆ ತುಕ್ಕು ಹಿಡಿಯುತ್ತದೆ. ಪಾದರಸಕ್ಕೆ ಚಿನ್ನ ಸಿಕ್ಕಿದರೆ ಬಿಡುವುದಿಲ್ಲ. ಯಾರೊಂದಿಗೆ ಹೇಗೆ ಇರುತ್ತದೆ ಎಂಬುದೇ ಅದರ ಗುಣ.

ಹಿರಿಯನ ಧಾತುಗಳಲ್ಲಿ ಒಂದರ ಮೇಲೆ ಅವಳ ಮನಸ್ಸು ನಿಂತಿತು. ಅದರ ಹೆಸರು ನಮಗೆ ಬೇಡ. ಧಾತುಗಳ ಕೋಷ್ಟಕದಲ್ಲಿ ಅದರ ಜಾಗ ಸೀಸದ ಕೆಳಗೆ ಇತ್ತು. ಮೇಲಿಂದ ಕೆಳಗಿನ ಒಂದೇ ಸಾಲಿನವರಾದ್ದರಿಂದ ಗುಣವೂ ಸೀಸದ್ದೇ ಇರಬೇಕು ಎಂದು ಕೆಲವರು ಹೇಳುತ್ತಿದ್ದರು. ಸೀಸ ಚಿನ್ನವನ್ನು ಗಟ್ಟಿಯಾಗಿ ಹಿಡಿಯುತ್ತದೆ, ಇದೂ ಹಿಡಿಯಬೇಕು. ಇನ್ನು ಕೆಲವರು ಒಪ್ಪಲಿಲ್ಲ. ಇದರ ತಿರುಳು ಎಷ್ಟು ಭಾರವೆಂದರೆ ಸುತ್ತಲಿನ ಎಲೆಕ್ಟ್ರಾನುಗಳನ್ನೆಲ್ಲ ತನ್ನ ಕಡೆಗೇ ಸೆಳೆದುಕೊಳ್ಳುತ್ತದೆ, ಇನ್ನೊಬ್ಬರ ಕಡೆ ಚಾಚಲು ಇದಕ್ಕೆ ಕೈಯೇ ಉಳಿದಿರುವುದಿಲ್ಲ, ಆದ್ದರಿಂದ ಇದು ಯಾವುದನ್ನೂ ಹಿಡಿಯದ ಧಾತು ಎಂದು ಅವರು ವಾದಿಸುತ್ತಿದ್ದರು. ವಾದ ಎರಡೂ ಕಾಗದದ ಮೇಲಿತ್ತು. ಧಾತುವನ್ನೇ ಕೇಳಿದವರು ಇರಲಿಲ್ಲ.

ಅವಳು ಹಿರಿಯನ ಬಳಿ ಹೋಗಿ, ಯಂತ್ರದ ಸಮಯದಲ್ಲಿ ತನಗೂ ಒಂದು ಪಾಲು ಬೇಕು ಎಂದಳು.

“ರೆಪ್ಪೆ ಬಡಿಯುವುದರೊಳಗೆ ಇಲ್ಲವಾಗುವುದರ ಗುಣ ಕಟ್ಟಿಕೊಂಡು ಏನು ಮಾಡುತ್ತೀಯಮ್ಮ?” ಎಂದು ಹಿರಿಯ ಕೇಳಿದ.

“ಇದ್ದಷ್ಟು ಹೊತ್ತು ಅದು ಇತ್ತಲ್ಲ ಸರ್. ಆ ಹೊತ್ತಿನಲ್ಲಿ ಏನು ಮಾಡಿತು ಎಂದು ತಿಳಿಯಬೇಕು.”

ಹಿರಿಯನಿಗೆ ಆ ಮಾತು ಹಿಡಿಸಲಿಲ್ಲ. ಆದರೆ ಅವನು ಕೆಟ್ಟವನಲ್ಲ. ಬೇರೆ ಯಾರಿಗೂ ಬೇಡವಾದ ರಜೆಯ ವಾರಗಳನ್ನು ಅವಳ ಹೆಸರಿಗೆ ಬರೆಸಿದ.

ಈಗ ಅವಳಿಗೆ ಕಷ್ಟ ಎದುರಾಯಿತು. ಒಂದೇ ಒಂದು ಪರಮಾಣು. ಅದನ್ನು ಕರಗಿಸಿ ನೋಡುವಂತಿಲ್ಲ, ತೂಗುವಂತಿಲ್ಲ. ಅದಕ್ಕೆ ಬಣ್ಣ ಎಂಬುದಿಲ್ಲ. ಎರಡನೆಯ ಪ್ರಶ್ನೆ ಕೇಳುವುದರೊಳಗೆ ಅದು ಇರುವುದಿಲ್ಲ. ಕೇಳುವುದಾದರೆ ಒಂದು ಪ್ರಶ್ನೆ ಕೇಳಬೇಕು, ಅದಕ್ಕೆ ಉತ್ತರವನ್ನು ಅದು ತಾನು ಸಾಯುವ ಜಾಗದಿಂದಲೇ ಹೇಳಬೇಕು.

ಬಹಳ ಯೋಚಿಸಿ ಅವಳು ಒಂದು ಓಣಿ ಕಟ್ಟಿದಳು. ಕಡ್ಡಿ ತೂರುವಷ್ಟು ಸಂದಿನ ಓಣಿ. ಎರಡು ಬದಿಗೂ ಚಿನ್ನ ಲೇಪಿಸಿದ ಪುಟ್ಟ ಫಲಕಗಳ ಸಾಲು. ಓಣಿಯ ಬಾಯಿ ನಮ್ಮ ಕೋಣೆಯಷ್ಟು ಬೆಚ್ಚಗೆ. ಒಳಗೆ ಹೋದ ಹಾಗೆ ತಣ್ಣಗೆ. ಕೊನೆಯಲ್ಲಿ ಮಂಜುಗಡ್ಡೆಗಿಂತಲೂ ಎಷ್ಟೋ ಪಾಲು ಹೆಚ್ಚಿನ ಚಳಿ. ಯಂತ್ರದಲ್ಲಿ ಹುಟ್ಟಿದ ಪರಮಾಣುವನ್ನು ಗಾಳಿಯಂಥ ಒಂದು ಅನಿಲ ಎತ್ತಿಕೊಂಡು, ಕೊಳವೆಯ ಮೂಲಕ ತಂದು, ಈ ಓಣಿಯೊಳಗೆ ಬಿಡಬೇಕು. ಚಿನ್ನದ ಮೇಲೆ ಪ್ರೀತಿ ಇದ್ದರೆ ಅದು ಬಾಯಲ್ಲೇ, ಬೆಚ್ಚಗಿನ ಜಾಗದಲ್ಲೇ ಹಿಡಿದು ನಿಲ್ಲುತ್ತದೆ. ಪ್ರೀತಿ ಇಲ್ಲದಿದ್ದರೆ ತೇಲುತ್ತಾ ಕೊನೆಗೆ ಹೋಗುತ್ತದೆ. ಆ ಕೊರೆಯುವ ಚಳಿಯಲ್ಲಿ ಯಾವುದೇ ಆದರೂ ಮರಗಟ್ಟಿ ನಿಲ್ಲಲೇಬೇಕು. ಪ್ರತಿ ಫಲಕದ ಹಿಂದೆಯೂ ಮಿಂಚನ್ನು ಗುರುತಿಸುವ ಉಪಕರಣ ಇತ್ತು. ಎಲ್ಲಿ ಮಿಂಚಿತೋ ಅಲ್ಲಿ ಅದು ನಿಂತಿತ್ತು ಎಂದು ಅರ್ಥ.

ರಜೆಯ ವಾರಗಳು ಬಂದವು, ಹೋದವು. ಉಳಿದವರು ಮನೆಗೆ ಹೋದಾಗ ಅವಳು ಇಬ್ಬರು ಜೊತೆಗಾರರೊಂದಿಗೆ ಯಂತ್ರದ ಬಳಿ ಕೂತಳು. ಏನೂ ಬರಲಿಲ್ಲ. ಮರುವರ್ಷವೂ ಕೂತಳು. ಒಂದು ದಿನ ಓಣಿಯ ಕೊನೆಯಲ್ಲಿ, ಚಳಿಯ ತುದಿಯಲ್ಲಿ, ಒಂದು ಮಿಂಚು ಬಂತು. ಅದರ ಹಿಂದೆಯೇ ಬರಬೇಕಾದ ಮಿಂಚುಗಳೂ ಬಂದವು. ಲೆಕ್ಕ ತಾಳೆಯಾಯಿತು. ಅದೇ ಧಾತು. ಬೆಚ್ಚಗಿನ ಚಿನ್ನವನ್ನೆಲ್ಲ ದಾಟಿಕೊಂಡು ಕೊನೆಗೆ ಹೋಗಿ ಸತ್ತಿತ್ತು.

ಯಾವುದನ್ನೂ ಹಿಡಿಯದ ಧಾತು ಎಂದವರ ಮಾತು ಗೆದ್ದಿತು. ಅವಳ ಹೆಸರು ದೇಶದೇಶಗಳಿಗೆ ಹೋಯಿತು. ಸಭೆಗಳಲ್ಲಿ ನಿಂತು ಅವಳು ಆ ಧಾತುವಿನ ಗುಣ ಹೇಳಿದಳು. ಇದು ಲೋಹಗಳ ಮನೆಯಲ್ಲಿ ಹುಟ್ಟಿದರೂ ಲೋಹದಂತೆ ನಡೆಯುವುದಿಲ್ಲ, ಯಾರ ಕೈಯನ್ನೂ ಹಿಡಿಯದೆ ಹೋಗುತ್ತದೆ ಎಂದಳು. ಎಳೆಯರು ಅದನ್ನು ಬರೆದುಕೊಂಡರು. ಪಾಠದ ಪುಸ್ತಕಗಳಲ್ಲಿ ಒಂದು ಸಾಲು ಸೇರಿತು.

ಹಿರಿಯ ಅವಳನ್ನು ಅಭಿನಂದಿಸಿದ. ನಿಲ್ಲುವುದೂ ಇಲ್ಲ, ಹಿಡಿಯುವುದೂ ಇಲ್ಲ, ಇನ್ನಾದರೂ ಅದರ ಚಿಂತೆ ಬಿಡು ಎಂದ. ಚುಚ್ಚಬೇಕೆಂದು ಆಡಿದ ಮಾತಲ್ಲ. ಆದರೂ ಅದು ಅವಳಿಗೆ ಮುಳ್ಳಿನಂತೆ ನಾಟಿತು. ತಾನು ಅಷ್ಟು ಕಾದು ತಿಳಿದದ್ದು ಇಷ್ಟೇ ಆಯಿತೆ ಎಂದು ಅವಳಿಗೆ ಅನಿಸಿತು. ಅನಿಸಿದರೂ ಏನು ಮಾಡುವುದು? ಧಾತುವೇ ಹಾಗೆ ಹೇಳಿದ ಮೇಲೆ ತನ್ನದೇನು ಎಂದು ಸುಮ್ಮನಾದಳು.

ಕೆಲವು ವರ್ಷಗಳು ಹೋದವು. ಓಣಿಯನ್ನು ಬೇರೆ ಧಾತುಗಳಿಗೂ ಬಳಸುತ್ತಿದ್ದರು. ಒಮ್ಮೆ ಯಂತ್ರದಿಂದ ಓಣಿಗೆ ಬರುವ ಕೊಳವೆ ಬಿರುಕು ಬಿಟ್ಟಿತು. ಅದನ್ನು ಸರಿಮಾಡಲು ಬಂದ ಫಿಟ್ಟರ್ ಬಿರುಕು ಬಿಟ್ಟ ತುಂಡನ್ನು ಕತ್ತರಿಸಿ ತೆಗೆದ. ಹೊಸ ತುಂಡು ಬರುವ ತನಕ ಕೆಲಸ ನಿಲ್ಲಬಾರದೆಂದು ಓಣಿಯನ್ನೇ ಯಂತ್ರದ ಹತ್ತಿರಕ್ಕೆ ಸರಿಸಿ ಕೂರಿಸಿದರು. ದಾರಿ ಗಿಡ್ಡವಾಯಿತು. ದಾರಿ ಗಿಡ್ಡವಾದ್ದರಿಂದ ಅನಿಲವನ್ನು ಮೊದಲಿನಷ್ಟು ಜೋರಾಗಿ ಊದಬೇಕಾಗಿರಲಿಲ್ಲ. ಆ ದಿನಗಳಲ್ಲೇ ಅವಳ ಹಳೆಯ ಧಾತು ಮತ್ತೊಮ್ಮೆ ಹುಟ್ಟಿದಂತಿತ್ತು. ಮಿಂಚು ಬಂದದ್ದು ಓಣಿಯ ನಡುವಿನಲ್ಲಿ.

ಅದರ ಬೆನ್ನಿಗೆ ಬರಬೇಕಾದ ಮಿಂಚುಗಳಲ್ಲಿ ಒಂದು ತಪ್ಪಿಹೋಗಿತ್ತು. ಹಾಗಾಗಿ ಲೆಕ್ಕ ಪೂರ್ತಿ ತಾಳೆಯಾಗಲಿಲ್ಲ. ಜೊತೆಗಾರರು ಇದು ಎಲ್ಲಿಂದಲೋ ಬಂದ ಕಸ, ಬಿಟ್ಟುಬಿಡೋಣ ಎಂದರು. ಬಿಟ್ಟಿದ್ದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ. ಅವಳಿಗೆ ಬಿಡಲು ಆಗಲಿಲ್ಲ. ಊಟಕ್ಕೆ ಕೂತಾಗಲೂ ಅದೇ, ದಾರಿಯಲ್ಲಿ ನಡೆಯುವಾಗಲೂ ಅದೇ.

ಮೊದಲ ಸಲ ಕೊಳವೆ ಉದ್ದವಿತ್ತು. ಧಾತುವಿನ ಆಯುಷ್ಯ ಚಿಕ್ಕದು. ಸಾಯುವುದರೊಳಗೆ ಅದನ್ನು ಓಣಿಗೆ ಮುಟ್ಟಿಸಬೇಕೆಂಬ ಆತುರದಲ್ಲಿ ಅವಳು ಅನಿಲವನ್ನು ಬಿರುಗಾಳಿಯಂತೆ ಊದಿಸಿದ್ದಳು. ಆ ರಭಸದಲ್ಲಿ ಅದು ಚಿನ್ನದ ಪಕ್ಕದಲ್ಲೇ ಹಾರಿಹೋಗಿರಬಹುದು. ಚಿನ್ನವನ್ನು ಮುಟ್ಟಲು ಅದಕ್ಕೆ ಪುರುಸೊತ್ತು ಎಲ್ಲಿತ್ತು? ಹಿಡಿಯಲಿಲ್ಲ ಎಂದು ತಾನು ಊರೆಲ್ಲ ಸಾರಿದ್ದಾಯಿತು, ಹಿಡಿಯುವುದಕ್ಕೆ ತಾನೇ ಬಿಡಲಿಲ್ಲವೇನೊ ಎಂಬ ಸಂಶಯ ಅವಳನ್ನು ಹಿಡಿಯಿತು.

ಸಂಶಯ ತೀರಬೇಕಾದರೆ ಮತ್ತೆ ಯಂತ್ರದ ಸಮಯ ಬೇಕು. ಅದೇ ವರ್ಷ ಆ ಹಳೆಯ ಯಂತ್ರವನ್ನು ಬಿಚ್ಚುವುದೆಂದು ನಿಶ್ಚಯವಾಗಿತ್ತು. ಹೊಸದು ಬರಲು ಎಷ್ಟೋ ವರ್ಷ ಬೇಕು. ಯಂತ್ರದ ಜೊತೆಗೆ ಹಿರಿಯನೂ ಕೆಲಸದಿಂದ ನಿವೃತ್ತನಾಗುವವನಿದ್ದ. ಉಳಿದಿದ್ದ ಸಮಯವೆಲ್ಲ ಅವನ ಹೆಸರಿನಲ್ಲಿತ್ತು. ತನ್ನ ದ್ವೀಪವನ್ನು ಕೊನೆಯ ಸಲ ಹುಡುಕಬೇಕೆಂದು ಅದನ್ನು ಅವನು ಕಾದಿಟ್ಟುಕೊಂಡಿದ್ದ. ಅದು ಅವನ ಹಕ್ಕು ಎಂದು ಎಲ್ಲರಿಗೂ ಗೊತ್ತಿತ್ತು.

ಅವಳ ಜೊತೆಗಾರರು ಬುದ್ಧಿ ಹೇಳಿದರು. ಹೆಸರು ಬಂದಿದೆ, ಪುಸ್ತಕದಲ್ಲಿ ಸೇರಿದೆ, ಈಗ ಕೆದಕಿದರೆ ನಿನ್ನ ಮಾತು ನಿನ್ನ ಕೈಯಿಂದಲೇ ಮುರಿಯುತ್ತದೆ ಎಂದರು. ಯಾರೂ ಕೇಳದ ಪ್ರಶ್ನೆಯನ್ನು ನೀನೇಕೆ ಕೇಳಿಕೊಳ್ಳುತ್ತೀ ಎಂದರು. ಅವರು ಹೇಳಿದ್ದು ಸುಳ್ಳಲ್ಲವೆಂದು ಅವಳಿಗೂ ಗೊತ್ತಿತ್ತು. ಆದರೂ ಎರಡು ದಿನ ಬಿಟ್ಟು ಹಿರಿಯನ ಕೋಣೆಗೆ ಹೋದಳು.

ಅವಳು ಸುತ್ತಿ ಬಳಸಿ ಹೇಳಲಿಲ್ಲ. ಆ ಧಾತುವಿನ ಬಗ್ಗೆ ತಾನು ಆಡಿದ್ದು ತಪ್ಪಿರಬಹುದು, ಅದಕ್ಕೆ ತಾನು ಅನ್ಯಾಯ ಮಾಡಿರಬಹುದು, ಗಾಳಿಯನ್ನು ಮೆಲ್ಲಗೆ ಬಿಟ್ಟು ಇನ್ನೊಮ್ಮೆ ಕೇಳಬೇಕು ಎಂದಳು. ಅನ್ಯಾಯ ಎಂಬ ಮಾತಿಗೆ ಹಿರಿಯ ತಲೆ ಎತ್ತಿ ನೋಡಿದ. ಒಂದು ಪರಮಾಣುವಿಗೆ ಅನ್ಯಾಯವಾಯಿತು ಎಂದವರನ್ನು ಅವನು ಅದುವರೆಗೆ ಕಂಡಿರಲಿಲ್ಲ. ನಿನ್ನ ಹೆಸರು ಹೋದರೆ ಏನು ಮಾಡುತ್ತೀ ಎಂದು ವಿಚಾರಿಸಿದ. ಹೋದರೆ ಹೋಗಲಿ, ಅದರ ಹೆಸರು ಕೆಡಿಸಿ ನನ್ನ ಹೆಸರು ಉಳಿಸಿಕೊಳ್ಳಲಾರೆ ಎಂದಳು.

ಹಿರಿಯನಿಗೆ ವಯಸ್ಸಾಗಿತ್ತು. ಅವನ ದ್ವೀಪ ಸಿಗುವುದಾದರೆ ಈ ಸಮಯದಲ್ಲೇ ಸಿಗಬೇಕಿತ್ತು. ಕೊನೆಗೆ, ತನ್ನ ಪಾಲಿನಲ್ಲಿ ಅರ್ಧ ಅವಳಿಗೆ ಕೊಡುವುದಾಗಿ ಹೇಳಿದ. ಯಾಕೆ ಕೊಟ್ಟ ಎಂದು ಅವನು ಹೇಳಲಿಲ್ಲ. ಅವಳೂ ಕೇಳಲಿಲ್ಲ.

ಮೊದಲಿನ ಅರ್ಧ ಹಿರಿಯನದಾಯಿತು. ಅವನು ಹಗುರದ್ದನ್ನು ಭಾರದ್ದಕ್ಕೆ ಎಸೆದ. ಕಾದ. ದ್ವೀಪ ಕಾಣಲಿಲ್ಲ. ಅವನು ಯಾರ ಮುಂದೆಯೂ ಕೊರಗಲಿಲ್ಲ. ಮೇಜಿನ ಮೇಲಿದ್ದ ಸಾಮಾನುಗಳನ್ನು ಪೆಟ್ಟಿಗೆಗೆ ತುಂಬತೊಡಗಿದ.

ಆಮೇಲೆ ಅವಳ ಸರದಿ. ಓಣಿಯ ಬಾಯನ್ನು ಧಾತು ಹುಟ್ಟುವ ಜಾಗಕ್ಕೆ ಆದಷ್ಟು ಹತ್ತಿರ ತಂದಳು. ಮೊದಲ ಫಲಕಗಳನ್ನು ಬೆಚ್ಚಗೆ ಇಟ್ಟಳು. ಅನಿಲವನ್ನು ಮೆಲ್ಲಗೆ ಹರಿಯಬಿಟ್ಟಳು. ತೊಟ್ಟಿಲು ತೂಗುವಷ್ಟು ಮೆಲ್ಲಗೆ. ಹಾಗೆ ಮಾಡಿದರೆ ದಾರಿಯಲ್ಲೇ ಸತ್ತುಹೋಗುವ ಅಪಾಯವಿತ್ತು. ಹುಟ್ಟಿದ್ದು ಓಣಿಗೆ ಬಾರದೆಯೇ ಹೋದರೆ ಇದ್ದ ಸಮಯವೂ ಹಾಳು, ಹಿರಿಯ ಬಿಟ್ಟುಕೊಟ್ಟದ್ದೂ ಹಾಳು. ಅವಳು ಆ ಅಪಾಯವನ್ನು ಒಪ್ಪಿಕೊಂಡಳು.

ದಿನಗಳು ಹೋದವು. ಅವಳಿಗೆ ಊಟ ರುಚಿಸಲಿಲ್ಲ. ಜೊತೆಗಾರರು ಮಾತು ಕಡಿಮೆ ಮಾಡಿದರು. ಸಮಯ ಮುಗಿಯುತ್ತಾ ಬಂದಿತ್ತು. ಒಂದು ಮಧ್ಯಾಹ್ನ ಓಣಿಯ ಬಾಯಲ್ಲೇ, ಬೆಚ್ಚಗಿನ ಫಲಕದಲ್ಲಿ ಮಿಂಚು ಬಂತು. ಅದೇ ಜಾಗದಲ್ಲಿ ಅದರ ಬೆನ್ನಿಗೆ ಬರಬೇಕಾದದ್ದು, ಅದರ ಬೆನ್ನಿಗೆ ಇನ್ನೊಂದು. ಒಂದೂ ತಪ್ಪಲಿಲ್ಲ. ಅವಳು ಲೆಕ್ಕವನ್ನು ಮತ್ತೆ ಮತ್ತೆ ಹಾಕಿದಳು. ಅದೇ ಧಾತು. ಓಣಿಯೊಳಗೆ ಕಾಲಿಟ್ಟ ಕೂಡಲೇ ಎದುರಿಗೆ ಸಿಕ್ಕ ಚಿನ್ನವನ್ನು ಹಿಡಿದಿತ್ತು. ಸಾಯುವ ತನಕ ಬಿಟ್ಟಿರಲಿಲ್ಲ.

ಸಮಯ ಮುಗಿಯುವುದರೊಳಗೆ ಇನ್ನೊಂದು ಬಂತು. ಅದು ಸ್ವಲ್ಪ ಒಳಗೆ ಹೋಗಿ ಹಿಡಿದಿತ್ತು. ಸೀಸದಷ್ಟು ಗಟ್ಟಿ ಹಿಡಿತವಲ್ಲ. ಆದರೆ ಹಿಡಿತ ಇತ್ತು.

ಅವಳು ಮುಂದಿನ ಸಭೆಯಲ್ಲಿ ಎದ್ದು ನಿಂತು, ಯಾವುದನ್ನೂ ಹಿಡಿಯದ ಧಾತು ಎಂದು ನಾನು ಹೇಳಿದ್ದು ತಪ್ಪು ಎಂದಳು. ಅವಸರದ ಗಾಳಿಯ ಸಂಗತಿಯನ್ನೂ ಮುಚ್ಚಿಡದೆ ಹೇಳಿದಳು. ಕೆಲವರು ಮುಸಿಮುಸಿ ನಕ್ಕರು. ಅವಳ ಹಳೆಯ ಮಾತನ್ನು ನೆಚ್ಚಿಕೊಂಡು ದೊಡ್ಡ ದೊಡ್ಡ ಬರಹ ಬರೆದವರು ಸಿಟ್ಟಾದರು. ಮೊದಲಿನಂತೆ ಸಭೆಗಳಿಗೆ ಕರೆ ಬರುವುದು ನಿಂತಿತು. ಅವಳಿಗೆ ನೋವಾಗಲಿಲ್ಲ ಎಂದರೆ ಸುಳ್ಳು. ಆದರೆ ಅವಳ ಹೆಜ್ಜೆ ಹಗುರವಾಗಿತ್ತು ಎಂದು ಜೊತೆಗಾರರು ಆಮೇಲೆ ಹೇಳುತ್ತಿದ್ದರು.

ಯಂತ್ರ ಬಿಚ್ಚುವ ಕೆಲಸ ಶುರುವಾಯಿತು. ಹಿರಿಯನ ಕೆಲಸದ ಕೊನೆಯ ದಿನ ಬಂತು. ಬೀಳ್ಕೊಡುಗೆ ಆಯಿತು, ಹಾರ ಹಾಕಿದರು, ಹೊಗಳಿದರು. ಎಲ್ಲ ಮುಗಿದ ಮೇಲೆ ಅವನು ಅವಳು ಕೆಲಸ ಮಾಡುವ ಜಾಗಕ್ಕೆ ಬಂದು, ಆ ಓಣಿಯನ್ನು ಒಮ್ಮೆ ತೋರಿಸಮ್ಮ ಎಂದ. ಅಷ್ಟು ವರ್ಷ ಒಂದೇ ಛಾವಣಿಯ ಕೆಳಗೆ ಇದ್ದರೂ ಅವನು ಅದನ್ನು ಹತ್ತಿರದಿಂದ ನೋಡಿರಲಿಲ್ಲ.

ಅವಳು ಓಣಿಯನ್ನು ಬಿಚ್ಚಿ ಮೊದಲ ಫಲಕವನ್ನು ಹೊರತೆಗೆದು ಅವನ ಅಂಗೈಯಲ್ಲಿಟ್ಟಳು. ಅದರ ಮೇಲೆ ಏನೂ ಇರಲಿಲ್ಲ. ಬರೀ ಚಿನ್ನ. ಯಾವ ಜಾಗ ಎಂದು ಅವನು ವಿಚಾರಿಸಿದ. ಅವಳು ತೋರಿಸಿದಳು. ಅವನು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದ. ನೋಡಲು ಏನೂ ಇಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಲೋಕದಲ್ಲಿ ಇರಲಿಲ್ಲ. ಆದರೂ ನೋಡುತ್ತಲೇ ನಿಂತ.

“ಇಷ್ಟನ್ನು ಹುಟ್ಟಿಸಿದೆ. ಎಷ್ಟು ಹೊತ್ತು ಇತ್ತು ಎಂದು ಮಾತ್ರ ಕೇಳುತ್ತಾ ಬಂದೆ. ಒಂದಾದರೂ ಏನನ್ನಾದರೂ ಹಿಡಿದುಕೊಂಡಿತ್ತು ಎಂದು ನನಗೆ ಗೊತ್ತೇ ಇರಲಿಲ್ಲ,” ಎಂದ.

ಅವನ ಕಣ್ಣು ತುಂಬಿತ್ತು. ಅದು ಹೇಗೆ ಹಿಡಿಯಿತು ಎಂದು ಮೊದಲಿನಿಂದ ಹೇಳು ಎಂದ. ಅವಳು ಒಂದು ಸ್ಟೂಲು ಎಳೆದು ಅವನನ್ನು ಕೂರಿಸಿದಳು. ಗಾಳಿ ಎಷ್ಟು ಮೆಲ್ಲಗಿತ್ತು, ಫಲಕ ಎಷ್ಟು ಬೆಚ್ಚಗಿತ್ತು, ಯಾವ ಮಿಂಚಿನ ಹಿಂದೆ ಯಾವುದು ಬಂತು ಎಂದು ಒಂದೂ ಬಿಡದೆ ಹೇಳಿದಳು. ಅವನು ತನ್ನ ಮನೆಯ ಸುದ್ದಿ ಕೇಳುವವನಂತೆ ಕೇಳಿದ. ಹೊರಗೆ ಅವನನ್ನು ಕರೆದೊಯ್ಯಲು ಬಂದ ಗಾಡಿ ಕಾಯುತ್ತಿತ್ತು. ಅದು ಕಾಯಲಿ ಎಂದ.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

ಮರುಳಸಿದ್ಧ ಮುಂದಿನ ಮಾತಿಗೆ ಕಾದ. ಪರಮಾಣುವಿನ ಕತೆ ಅವನಿಗೆ ಅರ್ಥವಾಗಿತ್ತು. ಗೋಡೆಗೆ ಮುಖ ಮಾಡಿ ಕೂತ ಹಾಲಮ್ಮನಿಗೂ ಅದಕ್ಕೂ ಏನು ಸಂಬಂಧ ಎಂಬುದು ಇನ್ನೂ ಅರ್ಥವಾಗಿರಲಿಲ್ಲ. ಸಂಜೆ ಹತ್ತಿರವಾಗುತ್ತಿತ್ತು. ಅವನು ಶಲ್ಯ ಸರಿಮಾಡಿಕೊಂಡು ಎದ್ದ. ಹೊಸ್ತಿಲ ತನಕ ಹೋಗಿ ತಿರುಗಿ ನಿಂತ.

“ಬುದ್ಧಿ, ನಾನು ಆ ತಾಯಿಗೆ ಏನೆಂದು ಹೇಳಲಿ?”

“ಹೇಳುವುದು ಆಮೇಲಾಯಿತು. ಆ ಕೂಸು ಯಾರ ಬೆರಳು ಹಿಡಿದಿತ್ತು ಎಂದು ಅವಳನ್ನು ಕೇಳಿದೆಯಾ?” ಎಂದರು ಗುರುಗಳು.

ಮರುಳಸಿದ್ಧ ಹೊಸ್ತಿಲು ದಾಟಿ ಕೊಟ್ರೇಶಿಯ ಮನೆಯ ದಾರಿ ಹಿಡಿದ.